ಮಂಗರಬಳ್ಳಿಯ ದೂರದ ನೆಂಟ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗಳಿಗಾಗಿ ಮೀಸಲಿಟ್ಟಿದ್ದಾರೆ. ನಾಲ್ಕು ಕೊಂಬಿನ ಆ ಪುಕ್ಕಲು ಪ್ರಾಣಿ ಹೋದವರಿಗೆಲ್ಲ ಕಾಣಿಸಿಕೊಳ್ಳುತ್ತದೆಂಬ ಖಾತ್ರಿಯಿಲ್ಲ. ಆದರೆ ಆ ಒಣಸೀಮೆಯಲ್ಲಿ ಕಳ್ಳಿಬೇಲಿ, ಕುರುಚಲು, ಕಲ್ಲುಗುಡ್ಡ ಇದ್ದಲ್ಲಿ ಮಂಗರಬಳ್ಳಿ ಕಣ್ಣಿಗೆ ಬೀಳದೆ ಇರುವುದು ಕಷ್ಟ. ನಾಲ್ಕು ಏಣಿನ ರಸತುಂಬಿದ ಕಾಂಡ, ಗೇಣಿಗೊಂದು ಗೆಣ್ಣು, ಗೆಣ್ಣಿಗೊಂದು ಎಲೆ. ಮೂಳೆ ಮುರಿದವರಿಗೆ ಇದನ್ನು ಅರೆದು ಕಟ್ಟುತ್ತಾರೆ. ಎಳೆ ಕುಡಿಯನ್ನು ಹುರಿದು, ಹುಣಸೆಹಣ್ಣು ಹಾಕಿ ಚಟ್ನಿ ಮಾಡುತ್ತಾರೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಕಾಂಡದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳ ಕೆಲಸ ಅದು.

ಈ ಬಳ್ಳಿಯ ಕುಡಿಬಳ್ಳಿ, ಅಂದರೆ ಆಸರೆಗೆ ಸುತ್ತಿಕೊಳ್ಳುವ ತಂತು, ಎಲೆಯ ಕಂಕುಳಿನಿಂದ ಹೊರಡುವುದಿಲ್ಲ. ಎಲೆ ಈ ಕಡೆಯಾದರೆ ಅದು ಗೆಣ್ಣಿನ ಆ ಕಡೆ. ಸಸ್ಯವಿಜ್ಞಾನಿಗೆ ಇಷ್ಟು ಗುರುತು ಸಾಕು, ಇದು ದ್ರಾಕ್ಷಿಯ ಕುಟುಂಬದ್ದೆಂದು ಹೇಳಿಬಿಡುತ್ತಾರೆ. ಚಿಕ್ಕಬಳ್ಳಾಪುರದ ಚಪ್ಪರದ ಮೇಲಿನ ದ್ರಾಕ್ಷಿಗೂ ಜಗಳೂರಿನ ಬೇಲಿಯ ಮೇಲಿನ ಮಂಗರಬಳ್ಳಿಗೂ ಕುಲ ಒಂದೇ.

ಚನ್ನಗಿರಿ, ಹೊನ್ನಾಳಿ, ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ, ಇತ್ತ ಜಗಳೂರು, ಯಾವುದೂ ದ್ರಾಕ್ಷಿಯ ನಾಡೆಂದು ಹೆಸರಾದದ್ದಲ್ಲ. ಭದ್ರಾ ನಾಲೆಯ ನೀರು ಹರಿದಲ್ಲಿ ಭತ್ತ, ಅಡಿಕೆ. ನೀರಿಲ್ಲದ ಜಗಳೂರಿನಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಹಾಗಿದ್ದೂ ದ್ರಾಕ್ಷಿಯ ಕತೆಯನ್ನು ಇಲ್ಲಿಂದಲೇ ಹೇಳುವುದಕ್ಕೆ ನನಗೆ ಎರಡು ಕಾರಣಗಳಿವೆ. ಒಂದು ಈ ಮಂಗರಬಳ್ಳಿ. ಇನ್ನೊಂದು ಚನ್ನಗಿರಿಯ ಅಡಿಕೆ ತೋಟ. ಅದರ ಸರದಿ ಆಮೇಲೆ.

ದ್ರಾಕ್ಷಿ ಎಂದರೆ ನಮಗೆ ಪರ್ಷಿಯಾ, ಕಾಬೂಲು, ಫ್ರಾನ್ಸು ನೆನಪಾಗುತ್ತವೆ. ಆದರೆ ಈ ಕುಟುಂಬದ ಅತಿ ಹಳೆಯ ಬೀಜಗಳು ಸಿಕ್ಕಿರುವುದು ನಮ್ಮ ದಖ್ಖನ್ನಿನಲ್ಲೇ. ಡೈನೊಸಾರ್‌ಗಳ ಕೊನೆಗಾಲದಲ್ಲಿ ಇಲ್ಲಿ ಜ್ವಾಲಾಮುಖಿಗಳು ಅಲೆಅಲೆಯಾಗಿ ಲಾವಾ ಉಕ್ಕಿಸುತ್ತಿದ್ದವು. ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವೆ ಕೆರೆ ಕಟ್ಟಿಕೊಳ್ಳುವಷ್ಟು, ಕಾಡು ಬೆಳೆಯುವಷ್ಟು ಬಿಡುವು ಇರುತ್ತಿತ್ತು. ಆ ಬಿಡುವಿನ ಕೆಸರು ಕಲ್ಲಾಗಿ ಮಧ್ಯ ಭಾರತದಲ್ಲಿ ಉಳಿದಿದೆ. ಅದರೊಳಗಿನ ಬೀಜಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಅವಕ್ಕೆ ಇಂಡೊವೈಟಿಸ್ ಚಿತಳೆಯೆ ಎಂದು ಹೆಸರಿಟ್ಟರು. ವಯಸ್ಸು ಸುಮಾರು 6.6 ಕೋಟಿ ವರ್ಷ. ಬೆನ್ನ ಮೇಲೊಂದು ಗುರುತು, ಹೊಟ್ಟೆಯ ಕಡೆ ಎರಡು ಗುಳಿ: ಇಂದಿಗೂ ನಾವು ಉಗಿಯುವ ದ್ರಾಕ್ಷಿ ಬೀಜದ ಲಕ್ಷಣ ಇದೇ. ಅಮೆರಿಕ ಖಂಡಗಳಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯದು ಕೊಲಂಬಿಯಾದ್ದು, ಸುಮಾರು 6 ಕೋಟಿ ವರ್ಷದ್ದು. ಕುಟುಂಬ ಹುಟ್ಟಿದ್ದು ನಮ್ಮಲ್ಲೇ ಎಂದು ಇದರಿಂದ ಸಾಬೀತಾಗುವುದಿಲ್ಲ, ಪಳೆಯುಳಿಕೆ ಸಿಕ್ಕ ಜಾಗವೇ ತವರಾಗಬೇಕಿಲ್ಲ. ಆದರೂ ದ್ರಾಕ್ಷಿಯನ್ನು ಪರದೇಶಿ ಎನ್ನುವ ಮುಂಚೆ ಒಂದು ಕ್ಷಣ ತಡೆಯಬಹುದು.

ನಿಜವಾದ ದ್ರಾಕ್ಷಿಗಳು ಕಾಲಾಂತರದಲ್ಲಿ ಉತ್ತರ ಗೋಳದಲ್ಲಿ ಹರಡಿ, ಸಾಗರಗಳ ಆಚೀಚೆ ಬೇರೆಬೇರೆಯಾದವು. ಪಶ್ಚಿಮ ಏಷ್ಯಾ ಮತ್ತು ಯೂರೋಪಿನ ಪಾಲಿಗೆ ಉಳಿದದ್ದು ಮುಖ್ಯವಾಗಿ ಒಂದೇ ಪ್ರಭೇದ, ವೈಟಿಸ್ ವಿನಿಫೆರಾ. ಅದನ್ನು ಮನುಷ್ಯ ಪಳಗಿಸಿ ಸುಮಾರು 11,000 ವರ್ಷವಾಯಿತೆಂದು 2023ರಲ್ಲಿ ಬಂದ ದೊಡ್ಡದೊಂದು ಜೀನೋಮ್ ಅಧ್ಯಯನ ಹೇಳಿತು. ಜಾರ್ಜಿಯಾ ದೇಶದಲ್ಲಿ ಕ್ರಿಸ್ತಪೂರ್ವ 6000ದ ಸುಮಾರಿನ ಮಡಕೆಚೂರುಗಳಲ್ಲಿ ಟಾರ್ಟಾರಿಕ್ ಆಮ್ಲದ ಕುರುಹು ಸಿಕ್ಕಿದೆ. ವೈನು ಕೂಡಿಟ್ಟಿದ್ದ ಪಾತ್ರೆಗಳವು. ಮೂಲದ ಕಾಡುದ್ರಾಕ್ಷಿಯ ಬಣ್ಣ ಕಪ್ಪು. ಬಣ್ಣದ ಜೀನಿನ ಪಕ್ಕಕ್ಕೆ ಜಿಗಿಯುವ ಡಿಎನ್‌ಎ ತುಂಡೊಂದು ಬಂದು ಕೂತು ಅದನ್ನು ಕೆಡಿಸಿದ್ದರಿಂದ ಬಿಳಿದ್ರಾಕ್ಷಿ ಹುಟ್ಟಿತು. ನಾವು ಹಬ್ಬಕ್ಕೆ ಕೊಳ್ಳುವ ಹಸಿರು ದ್ರಾಕ್ಷಿ, ಲೆಕ್ಕಕ್ಕೆ, ಕೆಟ್ಟುಹೋದ ಕಪ್ಪು ದ್ರಾಕ್ಷಿ.

ಅಟ್ಲಾಂಟಿಕ್‌ನ ಆಚೆ ಹತ್ತಾರು ಪ್ರಭೇದಗಳು ಕಾಡಿನಲ್ಲೇ ಉಳಿದವು. ಅವುಗಳಲ್ಲಿ ಲಬ್ರುಸ್ಕಾ ಎಂಬುದಕ್ಕೆ ದಪ್ಪ ಎಲೆ, ಎಲೆಯಡಿ ತುಪ್ಪಟ, ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಜಾರಿ ಹೊರಬೀಳುವ ಲೋಳೆ ತಿರುಳು, ಮೂಗಿಗೆ ಹೊಡೆಯುವ ವಾಸನೆ. ಅಲ್ಲಿಗೆ ಹೋಗಿ ನೆಲೆಸಿದ ಯೂರೋಪಿಯನ್ನರು ಊರಿನಿಂದ ವಿನಿಫೆರಾ ಬಳ್ಳಿ ತಂದು ನೆಟ್ಟರು. ಸತ್ತವು. ಮತ್ತೆ ತಂದರು, ಮತ್ತೆ ಸತ್ತವು. ಎರಡು ಶತಮಾನ ಇದೇ ಪಾಡು. ಸಾಯುವ ಮುನ್ನ ಕೆಲವು ಹೂಬಿಟ್ಟು, ಪಕ್ಕದ ಕಾಡುಬಳ್ಳಿಗಳೊಂದಿಗೆ ಪರಾಗ ಹಂಚಿಕೊಂಡಿದ್ದವು. ಲಕ್ಷಾಂತರ ವರ್ಷ ಸಾಗರದ ಎರಡು ದಡದಲ್ಲಿದ್ದರೂ ಎರಡರ ಕ್ರೋಮೊಸೋಮು ಸಂಖ್ಯೆ 38 ಆಗಿಯೇ ಉಳಿದಿತ್ತು, ಹಾಗಾಗಿ ಕೂಡಿಕೆಗೆ ಅಡ್ಡಿಯಿರಲಿಲ್ಲ. ಯಾರೂ ಬಿತ್ತದ ಬೆರಕೆ ಸಸಿಗಳು ಅಲ್ಲಲ್ಲಿ ಎದ್ದವು.

ಅಂಥದೊಂದು ಸಸಿಯ ಸಂತಾನ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಸಾಬೆಲ್ಲಾ ಗಿಬ್ಸ್ ಎಂಬಾಕೆಯ ಕೈತೋಟದಲ್ಲಿತ್ತು. ಅದು ದಕ್ಷಿಣದ ಸೌತ್ ಕೆರೊಲಿನಾದಿಂದ ಬಂದದ್ದೆಂದು ಹೇಳುತ್ತಿದ್ದರು. 1816ರಲ್ಲಿ ಆಕೆಯಿಂದ ಬಳ್ಳಿ ಪಡೆದ ನರ್ಸರಿಯ ವಿಲಿಯಂ ಪ್ರಿನ್ಸ್ ಅದಕ್ಕೆ ಇಸಾಬೆಲ್ಲಾ ಎಂದೇ ಹೆಸರಿಟ್ಟು ಮಾರಿದ. ತೋಟಗಾರಿಕೆಯ ಪುಸ್ತಕ ತೆರೆದು ಈ ಹೆಸರು ಹುಡುಕಿದರೆ ಪಕ್ಕದಲ್ಲೇ ನಮಗೆ ಪರಿಚಿತವಾದ ಇನ್ನೊಂದು ಹೆಸರು ಸಿಗುತ್ತದೆ: ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ನೂರು ವರ್ಷಕ್ಕೂ ಮಿಕ್ಕಿ ಬೆಳೆಯುತ್ತಿರುವ, 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಮ್ಮ ಬೀಜದ ಕಪ್ಪು ದ್ರಾಕ್ಷಿ.

ಬೆಂಗಳೂರು ತಲುಪುವ ಮುನ್ನ ಇಸಾಬೆಲ್ಲಾ ಮತ್ತು ಅದರ ನಂಟರು ಯೂರೋಪಿನಲ್ಲಿ ಮಾಡಿದ ಅನಾಹುತವನ್ನು ಹೇಳಲೇಬೇಕು. ಚನ್ನಗಿರಿಗೆ ದಾರಿ ಇರುವುದು ಅದರ ಮೂಲಕವೇ.

1845ರಲ್ಲಿ ಇಂಗ್ಲೆಂಡಿನ ಗಾಜಿನಮನೆಯೊಂದರ ದ್ರಾಕ್ಷಿಯ ಮೇಲೆ ಬೂದಿ ರೋಗ ಕಾಣಿಸಿತು. ಕೆಲವೇ ವರ್ಷದಲ್ಲಿ ಫ್ರಾನ್ಸಿನ ತೋಟಗಳೆಲ್ಲ ಬೂದಿ ಬಳಿದುಕೊಂಡವು. ಇಸಾಬೆಲ್ಲಾ ಮಾತ್ರ ಅದಕ್ಕೆ ಜಗ್ಗಲಿಲ್ಲ. ಬೂದಿ ರೋಗವೂ ಅಮೆರಿಕದ್ದೇ, ಅಲ್ಲಿಯ ಬಳ್ಳಿಗಳಿಗೆ ಅದು ಹಳೆಯ ಪರಿಚಯ. ಹಾಗಾದರೆ ಅಮೆರಿಕದ ಬಳ್ಳಿಗಳನ್ನೇ ತರಿಸೋಣ ಎಂದು ಹಡಗಿನಲ್ಲಿ ಬೇರುಸಹಿತ ತರಿಸಿದರು. ಬೇರಿನಲ್ಲಿ ಫಿಲಾಕ್ಸೆರಾ ಎಂಬ ಹೇನಿನ ಜಾತಿಯ ಸಣ್ಣ ಕೀಟ ಕೂತಿತ್ತು. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಸಸ್ಯವಿಜ್ಞಾನಿ ಪ್ಲಾಂಷಾನ್ ಮತ್ತು ಸಂಗಡಿಗರು, ಸತ್ತ ಬಳ್ಳಿಯನ್ನು ಬಿಟ್ಟು ಇನ್ನೂ ಜೀವವಿದ್ದ ಬಳ್ಳಿಯ ಬೇರು ಅಗೆದು ನೋಡಿದಾಗ ಕೀಟ ಸಿಕ್ಕಿತು. ಹೆಣವನ್ನು ಬಿಟ್ಟು ಹೋಗಿರುವ ಕಳ್ಳನನ್ನು ಹೆಣದಲ್ಲಿ ಹುಡುಕಿದರೆ ಸಿಗುವುದೆಲ್ಲಿ? ಕೊನೆಗೆ ಪರಿಹಾರವೂ ಅಮೆರಿಕದಿಂದಲೇ ಬಂತು: ಕೀಟವನ್ನು ತಾಳುವ ಅಮೆರಿಕದ ಬೇರುಸಸಿ, ಅದರ ಮೇಲೆ ಫ್ರಾನ್ಸಿನ ಕಸಿ. ಇಂದು ಜಗತ್ತಿನ ಬಹುಪಾಲು ವೈನು ದ್ರಾಕ್ಷಿ ನಿಂತಿರುವುದು ಹೀಗೆ ಎರವಲು ಬೇರಿನ ಮೇಲೆ. ನಮ್ಮ ವಿಜಯಪುರದ ರೈತರು ಡಾಗ್‌ರಿಡ್ಜ್ ಎಂದು ಕರೆಯುವ ಬೇರುಸಸಿಯೂ ಅಮೆರಿಕದ ಕಾಡುದ್ರಾಕ್ಷಿಯ ಮೂಲದ್ದೇ.

ಅಷ್ಟಕ್ಕೆ ಮುಗಿಯಲಿಲ್ಲ. 1878ರಲ್ಲಿ ಮೂರನೆಯ ಅತಿಥಿ ಬಂತು, ಬೂಜು ತುಪ್ಪಟ ರೋಗ. ಎಲೆಯಡಿ ಬಿಳಿ ಬೂಜು, ಕಾಯಿ ಕೊಳೆತು ಉದುರುವುದು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ 1882ರಲ್ಲಿ ಮೆಡಾಕ್ ಪ್ರದೇಶದ ತೋಟವೊಂದರ ಬದಿಯಲ್ಲಿ ಹೋಗುತ್ತಿದ್ದಾಗ ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸಿರಾಗಿದ್ದುದನ್ನು ಕಂಡರು. ಒಳಗಿನವೆಲ್ಲ ರೋಗಿಷ್ಟ. ಕೇಳಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ಅಂಚಿನ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದೆವು ಎಂಬ ಉತ್ತರ ಬಂತು. ನೀಲಿ ಕಲೆ ನೋಡಿದವರು ವಿಷವೆಂದು ಹೆದರಲಿ ಎಂಬುದಷ್ಟೇ ಉದ್ದೇಶ. ಮಿಲಾರ್ಡೆ ಮೂರು ವರ್ಷ ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಇನ್ನು ಇದನ್ನು ಚನ್ನಗಿರಿಯ ಯಾವ ಅಡಿಕೆ ಬೆಳೆಗಾರರಿಗೂ ವಿವರಿಸಬೇಕಾಗಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮೊದಲು ಗೊನೆ ನೆನೆಯುವಂತೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ತೀರ್ಥಹಳ್ಳಿ, ಹೊಸನಗರದಷ್ಟು ಕೊಳೆರೋಗದ ಕಾಟ ಈ ಅರೆಮಲೆನಾಡಿಗೆ ಇಲ್ಲದಿದ್ದರೂ ಔಷಧಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ಇದನ್ನು ಅಡಿಕೆಗೆ ತಂದದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗವನ್ನು ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ.

ದ್ರಾಕ್ಷಿಯ ಮದ್ದು ಅಡಿಕೆಗೆ ನಾಟಿದ್ದು ಅದೃಷ್ಟವಲ್ಲ. ತುಪ್ಪಟ ರೋಗದ ಪ್ಲಾಸ್ಮೊಪಾರಾ, ಕೊಳೆರೋಗದ ಫೈಟಾಫ್ತೊರಾ ಎರಡೂ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರಗಳಲ್ಲ. ಊಮೈಸೀಟುಗಳೆಂಬ ಬೇರೆಯೇ ಗುಂಪು, ಪಾಚಿಗಳಿಗೆ ಹತ್ತಿರದವು. ಇವುಗಳ ಬೀಜಾಣುಗಳಿಗೆ ಬಾಲವಿದೆ, ಎಲೆಯ ಮೇಲೋ ಕಾಯಿಯ ಮೇಲೋ ನೀರಿನ ತೆಳು ಪದರ ಸಿಕ್ಕರೆ ಈಜುತ್ತವೆ. ಈಜುವ ನೀರಿನಲ್ಲಿ ತಾಮ್ರದ ಅಯಾನು ಚೂರು ಕರಗಿದ್ದರೂ ಸಾಯುತ್ತವೆ. ಸುಣ್ಣದ ಕೆಲಸವೆಂದರೆ ತಾಮ್ರವನ್ನು ಹಿಡಿದಿಟ್ಟು ಕೊಂಚಕೊಂಚವೇ ಬಿಡುವುದು, ಗಿಡ ಸುಟ್ಟುಹೋಗದಂತೆ ಕಾಯುವುದು. ರೋಗ ಒಂದು ಖಂಡದ್ದು, ಕಳ್ಳರ ಭಯ ಇನ್ನೊಂದು ಖಂಡದ್ದು, ಫಲ ಉಂಡದ್ದು ನಮ್ಮ ತೋಟ.

ಈಗ ರುಚಿಯ ಮಾತು.

ಬೆಂಗಳೂರು ಬ್ಲೂ ಬುಟ್ಟಿ ಮನೆಯಲ್ಲಿದ್ದರೆ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ಹಸಿರು ಥಾಮ್ಸನ್ ಸೀಡ್‌ಲೆಸ್‌ಗೆ ಆ ಶಕ್ತಿಯಿಲ್ಲ, ಅದು ಬರೀ ಸಿಹಿ. ಲಬ್ರುಸ್ಕಾ ಬೆರೆತ ದ್ರಾಕ್ಷಿಗಳ ಈ ಘಮದ ಹಿಂದಿನ ಮುಖ್ಯ ಅಣುಗಳಲ್ಲಿ ಒಂದು ಮೀಥೈಲ್ ಆಂಥ್ರನಿಲೇಟ್. 1921ರಲ್ಲಿ ಇಸಾಬೆಲ್ಲಾದ ಬಂಧುವಾದ ಕಾಂಕರ್ಡ್ ದ್ರಾಕ್ಷಿಯ ರಸದಲ್ಲಿ ಅಮೆರಿಕದ ರಸಾಯನಜ್ಞರು ಇದನ್ನು ಗುರುತಿಸಿದರು. ಹಣ್ಣು ಮಾಗಿದಷ್ಟೂ ಇದು ಹೆಚ್ಚುತ್ತದೆ. ತಯಾರಿಸುವುದು ಸುಲಭವಾದ್ದರಿಂದ ನೇರಳೆ ಬಣ್ಣದ ಚಾಕೊಲೇಟು, ಶರಬತ್ತುಗಳಿಗೆಲ್ಲ ‘ದ್ರಾಕ್ಷಿ’ ಎಂದು ಸೇರುವುದು ಇದೇ. ಕುತೂಹಲದ ಸಂಗತಿ ಬೇರೆ ಇದೆ: ದುಂಡುಮಲ್ಲಿಗೆಯ ಸುವಾಸನೆಯಲ್ಲೂ ಈ ಅಣು ಇದೆ. ಮುಡಿಗೆ ಏರಿದರೆ ಮಲ್ಲಿಗೆ, ನಾಲಿಗೆಗೆ ಬಿದ್ದರೆ ದ್ರಾಕ್ಷಿ. ಹಕ್ಕಿಗಳಿಗೆ ಮಾತ್ರ ಇದು ಕಣ್ಣುಮೂಗು ಉರಿಸುವ ವಸ್ತು; ಹೊಲ, ತೋಟಗಳಿಂದ ಹಕ್ಕಿ ಓಡಿಸಲು ಸಿಂಪಡಿಸುವುದೂ ಉಂಟು.

ಇಸಾಬೆಲ್ಲಾದಲ್ಲಿ ಇನ್ನೊಂದು ಅಣುವೂ ಮುಂದೆ ನಿಲ್ಲುತ್ತದೆ, ಫ್ಯುರೇನಿಯಾಲ್. ಸ್ಟ್ರಾಬೆರಿ, ಅನಾನಸುಗಳ ಪಾಕದಂಥ ಪರಿಮಳ ಇದರದು. ಇಟಲಿಯವರು ಇಸಾಬೆಲ್ಲಾವನ್ನು ಸ್ಟ್ರಾಬೆರಿ ದ್ರಾಕ್ಷಿಯೆಂದು ಕರೆದು ಫ್ರಗೊಲಿನೊ ಎಂಬ ವೈನು ಮಾಡಿದ್ದು ಇದರಿಂದಾಗಿ. ಆದರೆ ವೈನಿನ ಪಂಡಿತರಿಗೆ ಈ ಒಟ್ಟು ವಾಸನೆ ಆಗಿಬರುವುದಿಲ್ಲ. ನರಿಯ ಮೈವಾಸನೆ ಎಂದು ಹೆಸರಿಟ್ಟು ದೋಷಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ವಿನಿಫೆರಾದ ವೈನು ಕುಡಿದು ಬೆಳೆದ ಮೂಗಿಗೆ ಅದು ಅಪರಿಚಿತ, ಅಷ್ಟೇ. ಕೋಲಾರದ ಕಡೆಯ ಮಗುವಿಗೆ ದ್ರಾಕ್ಷಿಯೆಂದರೆ ಈ ವಾಸನೆಯೇ, ಅದಿಲ್ಲದ್ದು ಸಪ್ಪೆ.

ಪಂಡಿತರ ಅರುಚಿ ಕಾನೂನೂ ಆಯಿತು. 1934ರ ಕೊನೆಯಲ್ಲಿ ಫ್ರಾನ್ಸ್ ಇಸಾಬೆಲ್ಲಾ ಸೇರಿದಂತೆ ಆರು ಅಮೆರಿಕನ್ ಮೂಲದ ತಳಿಗಳನ್ನು ನಿಷೇಧಿಸಿತು. ಇವುಗಳ ವೈನಿನಲ್ಲಿ ಮೆಥನಾಲ್ ಇದೆ, ಕುಡಿದರೆ ಹುಚ್ಚು ಹಿಡಿಯುತ್ತದೆ ಎಂಬ ಮಾತನ್ನು ಹರಡಿದ್ದರು. ಮೆಥನಾಲ್ ಹುಟ್ಟುವುದು ಹಣ್ಣಿನ ಪೆಕ್ಟಿನ್ ಒಡೆದಾಗ. ಲೋಳೆ ಹೆಚ್ಚಿರುವ ಲಬ್ರುಸ್ಕಾ ಬೆರಕೆಗಳಲ್ಲಿ ಅದು ತುಸು ಹೆಚ್ಚು ನಿಜ, ಆದರೆ ಅಪಾಯದ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ. ಆಗ ಫ್ರಾನ್ಸಿನಲ್ಲಿ ವೈನು ಮಿತಿಮೀರಿ ಬೆಲೆ ಕುಸಿದಿತ್ತು. ಔಷಧಿ ಹೊಡೆಯದೆಯೂ ಬೆಳೆದು ನಿಲ್ಲುವ ಬಡವರ ಬಳ್ಳಿಯನ್ನು ಕಡಿಸುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿ ಕಂಡಿರಬೇಕು. ಆಸ್ಟ್ರಿಯಾದಲ್ಲಿ ಇಂಥದೇ ದ್ರಾಕ್ಷಿಗಳ ಊಹುಡ್ಲರ್ ಎಂಬ ವೈನು ದೀರ್ಘಕಾಲ ಕದ್ದುಮುಚ್ಚಿ ಉಳಿದು 1992ರಲ್ಲಿ ಮತ್ತೆ ಕಾನೂನಿನ ಒಳಗೆ ಬಂತು.

ಬೆರಕೆ ವೈನನ್ನು ಹಿಡಿಯಲು ಬಣ್ಣವೂ ಸಾಕ್ಷಿ ಹೇಳಿತು. ಕಪ್ಪು ದ್ರಾಕ್ಷಿಯ ಬಣ್ಣ ಸಿಪ್ಪೆಯ ಆಂಥೊಸಯನಿನ್‌ಗಳದು. ವಿನಿಫೆರಾದಲ್ಲಿ ಒಂದು ಬಣ್ಣದ ಅಣುವಿಗೆ ಒಂದೇ ಸಕ್ಕರೆ ಅಂಟಿರುತ್ತದೆ. ಎರಡನೆಯದನ್ನು ಅಂಟಿಸುವ ಕಿಣ್ವದ ಜೀನು ಅದರಲ್ಲಿ ಕೆಟ್ಟಿದೆ. ಅಮೆರಿಕದ ಹಲವು ದ್ರಾಕ್ಷಿಗಳಲ್ಲಿ ಎರಡು ಸಕ್ಕರೆಯ ಅಣುಗಳೂ ಇವೆ. ಒದ್ದೆ ಕಾಗದದ ಮೇಲೆ ಹರಿಯಬಿಟ್ಟರೆ ಎರಡೂ ಬೇರೆಬೇರೆ ಎತ್ತರದಲ್ಲಿ ನಿಲ್ಲುತ್ತವೆ. 1950ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿಗಳು ಈ ಪರೀಕ್ಷೆಯಿಂದ ಶೀಷೆಯೊಳಗಿನ ಬೆರಕೆಯನ್ನು ಪತ್ತೆಹಚ್ಚಿದರು.

ಕೆಂಪು ವೈನಿನ ಇನ್ನರ್ಧ ಒಗರು. ಈ ವಿಷಯದಲ್ಲಿ ಚನ್ನಗಿರಿಯವರಿಗೆ ಪಾಠ ಹೇಳಲು ನನಗೆ ಧೈರ್ಯವಿಲ್ಲ. ಅಲ್ಲಿಯ ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ನ ಅಂಗಳಕ್ಕೆ ಬರುವ ಕೆಂಪಡಿಕೆ ಆ ರೂಪಕ್ಕೆ ಬರುವುದು ಒಗರಿನ ರಸಾಯನದಿಂದಲೇ. ಹಸಿರು ಕಾಯಿ ಸುಲಿದು, ಬೇಯಿಸಿ, ಆ ನೀರು ಗಟ್ಟಿಯಾಗಿ ಚೊಗರಾದ ಮೇಲೆ ಅದರ ಬಣ್ಣವನ್ನು ಅಡಿಕೆಗೇ ಹತ್ತಿಸುತ್ತಾರೆ. ಆ ಚೊಗರಿನಲ್ಲಿರುವುದು ಕ್ಯಾಟಕಿನ್, ಎಪಿಕ್ಯಾಟಕಿನ್‌ಗಳು ಸರಪಳಿ ಕಟ್ಟಿಕೊಂಡ ಪ್ರೊಸಯನಿಡಿನ್ ಎಂಬ ಟ್ಯಾನಿನ್‌ಗಳು. ದ್ರಾಕ್ಷಿಯ ಬೀಜ, ಸಿಪ್ಪೆಗಳಲ್ಲಿರುವುದೂ ಅದೇ ವಂಶ. ಎಳೆ ಅಡಿಕೆಯಲ್ಲಿ ಒಗರು ಹೆಚ್ಚು, ಬಲಿತಂತೆ ಕಡಿಮೆ. ದ್ರಾಕ್ಷಿ ಬೀಜವೂ ಹಾಗೇ, ಮಾಗಿದಂತೆ ಕಂದಾಗಿ, ಬಿಟ್ಟುಕೊಡುವ ಒಗರು ಇಳಿಯುತ್ತದೆ. ಯಾವಾಗ ಕೊಯ್ಯಬೇಕೆಂಬ ಚನ್ನಗಿರಿಯ ಚೇಣಿದಾರರ ಲೆಕ್ಕಾಚಾರಕ್ಕೂ ಬೋರ್ಡೋದ ವೈನು ತಯಾರಕರ ಲೆಕ್ಕಾಚಾರಕ್ಕೂ ಹಿಂದಿರುವುದು ಈ ಒಂದೇ ಅಣುಕುಲ.

ಒಗರು ಎಂಬುದು ಸಿಹಿ, ಹುಳಿಗಳ ಹಾಗೆ ರುಚಿಮೊಗ್ಗಿನ ಸಮಾಚಾರವಲ್ಲ, ಬಹುಮಟ್ಟಿಗೆ ಸ್ಪರ್ಶದ್ದು. ನಮ್ಮ ಜೊಲ್ಲಿನಲ್ಲಿ ಪ್ರೊಲೀನ್ ತುಂಬಿದ ಪ್ರೋಟೀನುಗಳಿವೆ. ಬಾಗಿಲ ತಿರುಗಣಿಗೆ ಎಣ್ಣೆ ಹೇಗೋ ಬಾಯಿಗೆ ಇವು ಹಾಗೆ. ಟ್ಯಾನಿನ್ ಬಂದು ಇವನ್ನು ಹಿಡಿದು ಗಂಟುಕಟ್ಟಿಸುತ್ತದೆ. ಜಾರಿಕೆ ಹೋಗಿ ನಾಲಿಗೆ, ಒಸಡು ಉಜ್ಜಿದಂತಾಗುತ್ತದೆ. ಒಗರನ್ನು ಇಷ್ಟಪಟ್ಟು ಸವಿಯುವುದು ಮನುಷ್ಯ ಕಲಿತು ಬೆಳೆಸಿಕೊಂಡ ಚಟ. (ಚಟ ಎಂದಾಗ ಇದನ್ನೂ ಹೇಳಿಬಿಡಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಮದ್ಯ, ಅಡಿಕೆ ಎರಡನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ.)

ಬೆಂಗಳೂರು ಬ್ಲೂದಲ್ಲಿ ಬಣ್ಣ ಧಾರಾಳ, ಹುಳಿ ಸಾಕಷ್ಟು, ಪರಿಮಳ ಬೇಕಾದಷ್ಟು. ಕೊರತೆ ಇರುವುದು ಒಗರಿನ ಕಸುವು ಮತ್ತು ಸಕ್ಕರೆಯಲ್ಲಿ. ರಸದಲ್ಲಿ ಕರಗಿದ ಘನಾಂಶ ಶೇ 16ರಿಂದ 18. ಯೀಸ್ಟು ಅಷ್ಟನ್ನೂ ತಿಂದು ಮುಗಿಸಿದರೆ ಮದ್ಯಸಾರ ಶೇ 9–10ರ ಆಸುಪಾಸು ನಿಲ್ಲುತ್ತದೆ. ಶೇ 12ರ ವೈನು ಬೇಕಾದರೆ ಘನಾಂಶ 22ರ ಹತ್ತಿರ ಇರಬೇಕು. ಈ ಹಣ್ಣಿನಿಂದ ಬಂದದ್ದು ಹೆಚ್ಚಾಗಿ ಸಿಹಿಯಾದ ಪೋರ್ಟ್ ಮಾದರಿಯ ವೈನು ಯಾಕೆಂಬುದಕ್ಕೆ ಉತ್ತರ ಇಲ್ಲಿದೆ. ಸಕ್ಕರೆ ಕಡಿಮೆಯಾದ ಕಡೆ ಸಕ್ಕರೆ ಸೇರಿಸಿದರು, ಸಿಹಿಯಲ್ಲಿ ಹುಳಿ ಅಡಗಿತು. 1988ರಲ್ಲಿ ನಂದಿಬೆಟ್ಟದ ಬಳಿ ಗ್ರೋವರ್ ವೈನು ಕಂಪನಿ ಹುಟ್ಟಿದಾಗ ಅದು ಪಕ್ಕದ ಹೊಲದ ಬೆಂಗಳೂರು ಬ್ಲೂ ಬಿಟ್ಟು ಫ್ರಾನ್ಸಿನ ತಳಿಗಳ ಬೆನ್ನುಹತ್ತಿತು. 2007ರ ರಾಜ್ಯದ ವೈನು ನೀತಿಯ ನಂತರ ಬಂದವರೂ ಬಹುತೇಕ ಅದೇ ದಾರಿ ಹಿಡಿದರು.

ರೈತರು ಮಾತ್ರ ಕಪ್ಪು ದ್ರಾಕ್ಷಿಯನ್ನು ಬಿಡಲಿಲ್ಲ. ಯೂರೋಪಿನಲ್ಲಿ ಬಳ್ಳಿ ಚಳಿಗಾಲಕ್ಕೆ ಮಲಗುತ್ತದೆ, ವರ್ಷಕ್ಕೆ ಒಂದೇ ಬೆಳೆ. ನಂದಿಯ ತಪ್ಪಲಿನಲ್ಲಿ ಮಲಗುವಂಥ ಚಳಿ ಇಲ್ಲ, ಹಾಗಾಗಿ ಕತ್ತರಿಯಿಂದಲೇ ಋತುವನ್ನು ಹುಟ್ಟಿಸುತ್ತಾರೆ: ಕತ್ತರಿಸಿದಾಗ ಚಿಗುರು, ಚಿಗುರಿನೊಂದಿಗೆ ಹೂಗೊಂಚಲು, ವರ್ಷಕ್ಕೆ ಎರಡು ಬೆಳೆ. ಚಿಬ್ಬು ರೋಗಕ್ಕೆ ಈ ತಳಿ ಬಗ್ಗುವುದಿಲ್ಲ. ತುಪ್ಪಟ ರೋಗಕ್ಕೆ ಬಗ್ಗುತ್ತದೆ, ಅದಕ್ಕೆ ತಾಮ್ರದ ಔಷಧಿ ಇದ್ದೇ ಇದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೇ ಬಳ್ಳಿಯನ್ನು ತಾಯಾಗಿಟ್ಟುಕೊಂಡು ಹಲವು ಸಂಕರ ತಳಿ ಮಾಡಿತು. ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಜೊತೆ ಕೂಡಿಸಿದ್ದು ಅರ್ಕಾ ತೃಷ್ಣಾ, ಬ್ಲ್ಯಾಕ್ ಚಂಪಾ ಜೊತೆಗಿನದು ಅರ್ಕಾ ಶ್ಯಾಮ್. ಅರ್ಕಾ ಶ್ಯಾಮ್‌ನಲ್ಲಿ ಘನಾಂಶ ಶೇ 22–23ಕ್ಕೆ ಏರಿತು, ಚಿಬ್ಬು ರೋಗ ತಾಳುವ ಗುಣ ಉಳಿಯಿತು. ಪಂಡಿತರು ದೂರುವ ಆ ವಾಸನೆಯೂ ಹಗುರಾಗಿ ಉಳಿದುಕೊಂಡಿತು. ತಳಿಯ ವಿವರದಲ್ಲಿ ಅದನ್ನು ಮುಚ್ಚಿಡದೆ ಬರೆದು, ಮನೆಯಂಗಳದ ಚಪ್ಪರಕ್ಕೂ ವೈನಿಗೂ ಆಗುತ್ತದೆಂದು ಸಂಸ್ಥೆ ಶಿಫಾರಸು ಮಾಡಿದೆ.